ಶಿಲುಬೆಯೂ ತಾವರೆಯೂ
(ಓದತಕ್ಕ ಭಾಗ: ಯೆಹೋಶುವ 22:10-34)



ದಕ್ಷಿಣ ಭಾರತ ಸಭೆಯ ಲಾಂಛನದಲ್ಲಿ ಶಿಲುಬೆಯೊಡನೆ ತಾವರೆಯ ಹೂವು ಇರುವದನ್ನು ನೀವು ಬಲ್ಲಿರಿ. ರಾರಾವಿ ಮೊದಲಾದ ಸಿರುಗುಪ್ಪ ಸೀಮೆಯ ಹಳ್ಳಿಗಳ ವಿಶ್ವಾಸಿಯೊಬ್ಬನು ಅದನ್ನು ಕಂಡು, “ತಾವರೆಯು ಲಕ್ಷ್ಮಿಯ ಪೀಠವಲ್ಲವೋ? ನಾವು ಬಿಟ್ಟು ಬಂದದ್ದನ್ನು ಸಭೆಯೇ ತಿರಿಗಿ ತರಬಹುದೋ?” ಎಂದು ಕೇಳಿದರೆ ಅವನನ್ನು ಗದರಿಸಬಾರದು. ವಿಗ್ರಹಗಳನ್ನು ಬಿಟ್ಟದ್ದಕ್ಕಾಗಿ ನೆಂಟರಿಷ್ಟರ ನಿಷ್ಠುರವನ್ನು ಸಹಿಸಿದವನ ಪ್ರಶ್ನೆ ಅದು.

ಮೇಲಣ ಅಧ್ಯಾಯದಲ್ಲಿ ಇಂಥದೇ ಸಂಗತಿ ಇದೆ. ರೂಬೇನ್ಯರೂ ಗಾದ್ಯರೂ ಮನಸ್ಸೆ ಕುಲದ ಅರ್ಧಜನರೂ ಯೊರ್ದನ್ ಹೊಳೆಯ ಬಳಿಯಲ್ಲಿ ದೊಡ್ಡ ಯಜ್ಞವೇದಿಯನ್ನು ಕಟ್ಟಿದರು. ಮಿಕ್ಕ ಇಸ್ರಾಯೇಲ್ಯರು ಇದು ದೇವದ್ರೋಹವೆಂದು ತಿಳಿದು ಯುದ್ಧಕ್ಕೆ ಕೂಡಿಬಂದರು. ಆದರೂ ಕತ್ತಿಯನ್ನೆತ್ತುವದಕ್ಕೆ ಮೊದಲು ಫೀನೆಹಾಸನನ್ನು ಕಳುಹಿಸಿ ವಿಚಾರಿಸಿದರು. ಇದು ನಾವೂ ಕಲಿಯತಕ್ಕ ಜಾಣತನ. ಬಂದ ಉತ್ತರವೇನು? ಈ ವೇದಿಯು ಬಲಿಯನ್ನರ್ಪಿಸುವದಕ್ಕಲ್ಲ, ತಮ್ಮ ಮಕ್ಕಳಿಗೆ ಸಾಕ್ಷಿಯಾಗಿರುವದಕ್ಕೇ ಎಂದು. ಯುದ್ಧವು ನಿಂತಿತು.

ಹಾಗಾದರೆ ನಮ್ಮ ಲಾಂಛನವು ಏನನ್ನು ಸಾಕ್ಷೀಕರಿಸುತ್ತದೆ? 1947ನೆಯ ಸೆಪ್ಟೆಂಬರ್ 27ರಂದು ಮದರಾಸಿನಲ್ಲಿ ಬೇರೆಬೇರೆ ಸಭೆಗಳು ಒಂದಾದವು. ಕರ್ತನು ತನ್ನವರೆಲ್ಲರೂ ಒಂದಾಗಿರಬೇಕೆಂದು ಮಾಡಿದ ಪ್ರಾರ್ಥನೆಯೇ (ಯೋಹಾನ 17:21) ಲಾಂಛನದ ಸುತ್ತಲಿರುವ ಮಾತು. ಶಿಲುಬೆಯ ನಾಲ್ಕು ತೋಳುಗಳು ಸಮನಾಗಿವೆ. ಕೃಪೆಯು ನಾಲ್ಕು ದಿಕ್ಕಿಗೂ ಪಕ್ಷಪಾತವಿಲ್ಲದೆ ಹರಿಯುತ್ತದೆ. ಅಗ್ನಿಯ ನಾಲಿಗೆಗಳು ಪವಿತ್ರಾತ್ಮನನ್ನು ನೆನಪಿಗೆ ತರುತ್ತವೆ. ತಾವರೆಯನ್ನು ಪಂಕಜವೆನ್ನುವರು, ಅಂದರೆ ಕೆಸರಿನಲ್ಲಿ ಹುಟ್ಟಿದ್ದು. ಕೆಸರಿನಲ್ಲಿ ಬೇರಿದ್ದರೂ ಅದು ಸೂರ್ಯನ ಮುಖವನ್ನು ಕಂಡು ಅರಳುತ್ತದೆ. ಊರು ಕೇರಿಯ ಕೀಳುಮಾತುಗಳನ್ನು ಕೇಳುತ್ತಾ ಬೆಳೆದ ನಮಗೆ ಇದರ ಅರ್ಥವನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಮಲಾಕಿಯ 4:2ನ್ನು ತೆಗೆದು ಓದಿರಿ. ಹೂವನ್ನು ನಿರ್ಮಿಸಿದವನು ಯೆಹೋವನು, ಪೀಠಮಾಡಿದವರು ಮನುಷ್ಯರು. ಕೇರಳದ ಸಿರಿಯನ್ ಸಭೆಗಳ ಪುರಾತನ ಕಲ್ಲುಶಿಲುಬೆಗಳ ಬುಡದಲ್ಲಿಯೂ ತಾವರೆಯ ದಳಗಳುಂಟು.

ಆದರೂ ಭಯಪಡತಕ್ಕದ್ದು ಒಂದಿದೆ. ಮೋಶೆಯು ಮಾಡಿಸಿದ ತಾಮ್ರದ ಸರ್ಪವು ದೇವರ ಅಪ್ಪಣೆಯಿಂದಲೇ ಆದದ್ದು. ಕರ್ತನು ತನ್ನ ಶಿಲುಬೆಗೆ ಅದನ್ನೇ ದೃಷ್ಟಾಂತವಾಗಿ ಹೇಳಿದನು (ಯೋಹಾನ 3:14). ಆದರೆ ಜನರು ಅದಕ್ಕೆ ಧೂಪಹಾಕತೊಡಗಿದಾಗ ಅರಸನಾದ ಹಿಜ್ಕೀಯನು ಅದನ್ನು ಚೂರುಚೂರು ಮಾಡಿದನು (2 ಅರಸುಗಳು 18:4). ಆದಕಾರಣ ದೇವಾಲಯದ ಗೋಡೆಯಲ್ಲಿರುವ ಚಿತ್ರಕ್ಕೆ ಯಾರಾದರೂ ಊದುಕಡ್ಡಿ ಹಚ್ಚಿದರೆ, ಮಾಲೆ ಹಾಕಿದರೆ, ಉಪದೇಶಿಯು ಅಂದೇ ಬುದ್ಧಿಹೇಳಲಿ. ಹೇಳಿದರೂ ನಿಲ್ಲದಿದ್ದರೆ ಚಿತ್ರವನ್ನೇ ಇಳಿಸಲಿ.

ಕ್ರಿಸ್ಮಸ್ಸಿನಲ್ಲಿ ರಂಗೋಲಿಯಿಂದ ಶಿಲುಬೆಯನ್ನೋ ನಕ್ಷತ್ರವನ್ನೋ ಬರೆಯುವ ಸಹೋದರಿಯರಿಗೂ ಒಂದು ಮಾತು. ಬರೆಯಿರಿ, ಅದು ನೆರೆಯವರಿಗೆ ಸಾಕ್ಷಿಯೇ. ಶಿಲುಬೆಯನ್ನು ಮಾತ್ರ ಹೊಸಲಿನ ಎದುರಿಗೆ ಬರೆಯಬೇಡಿರಿ. ಅಲ್ಲಿ ಬಂದವರೆಲ್ಲರೂ ಅದನ್ನು ತುಳಿದೇ ಒಳಗೆ ಬರಬೇಕಾಗುವದು. ಬಾಗಲಿನ ಮಗ್ಗುಲಲ್ಲಿ ಬರೆದು, ಮಕ್ಕಳನ್ನು ಕೂಡ್ರಿಸಿಕೊಂಡು ಒಂದೊಂದು ಗೆರೆಯ ಅರ್ಥವನ್ನು ತಿಳಿಸಿರಿ.