ತನು ಎಂಬ ಮಾತಿನ ಅರ್ಥ

ತನು, ಮನ, ಧನ ಎಂಬ ಮೂರು ಮಾತುಗಳು ಶರಣರ ಮನೆಗಳಲ್ಲಿ ಬಾಲ್ಯದಿಂದಲೇ ಕಿವಿಗೆ ಬೀಳುವಂಥವು. ತನುವನ್ನು ಗುರುವಿಗೂ, ಮನವನ್ನು ಲಿಂಗಕ್ಕೂ, ಧನವನ್ನು ಜಂಗಮಕ್ಕೂ ಸಮರ್ಪಿಸುವುದು ಭಕ್ತನ ಆಚಾರವೆಂಬುದನ್ನು ಕೇಳದವರಿಲ್ಲ. ಆದರೆ ಬಳಕೆ ಹೆಚ್ಚಿದಂತೆಲ್ಲ ಮಾತಿನ ಮೂಲಾರ್ಥವು ಮರೆಯಾಗುವುದು ಸಹಜ. ತನುವೆಂದರೆ ದೇಹವೆಂದು ತಿಳಿದು ಎಲ್ಲರೂ ಮುಂದೆ ಸಾಗುತ್ತಾರೆ. ಸಂಸ್ಕೃತದಲ್ಲಿ ಈ ಶಬ್ದಕ್ಕೆ ಇನ್ನೊಂದು ಅರ್ಥವೂ ಉಂಟು: ತೆಳುವಾದುದು, ಸಣ್ಣನೆಯದು, ಕೃಶವಾದುದು. ಅಮರಕೋಶವು ಇದನ್ನು ದೇಹವಾಚಕಗಳ ಸಾಲಿನಲ್ಲಿ ಎಣಿಸಿದೆ. ಸೂಕ್ಷ್ಮ, ಕೃಶ ಎಂಬ ಶಬ್ದಗಳ ಮಗ್ಗುಲಲ್ಲಿಯೂ ಇರಿಸಿದೆ.

ಈ ಎರಡನೆಯ ಅರ್ಥವನ್ನು ಅರಿತ ಕೆಲವರು ಒಂದು ಪ್ರಶ್ನೆಯನ್ನೆತ್ತುವುದುಂಟು. ತನುವೆಂದರೆ ಕೃಶವಾದುದಾದರೆ, ಉಪವಾಸ ಜಾಗರಣೆಗಳಿಂದ ದೇಹವನ್ನು ಒಣಗಿಸುವುದೇ ಅದನ್ನು ಗುರುವಿಗೆ ಒಪ್ಪಿಸುವ ಬಗೆಯಲ್ಲವೆ? ಶ್ರಾವಣದಲ್ಲಿ ಊಟ ಬಿಟ್ಟು ಸೊರಗುವ ತಾಯಂದಿರಿರುವ ಮನೆಗಳಲ್ಲಿ ಇದು ಬರಿಯ ವ್ಯಾಕರಣದ ಪ್ರಶ್ನೆಯಲ್ಲ.

ಆದುದರಿಂದ ಶಬ್ದದ ಬೇರನ್ನು ನೋಡಬೇಕು. ತನ್ ಎಂಬ ಧಾತುವಿಗೆ ಧಾತುಪಾಠವು ಹೇಳುವ ಅರ್ಥ ವಿಸ್ತಾರ, ಎಂದರೆ ಹಿಗ್ಗಿಸುವುದು, ಹರಡುವುದು. ನೂಲಾದ ತಂತು, ಮೇಲುಕಟ್ಟಾದ ವಿತಾನ, ಸಂಗೀತದ ತಾನ, ವಂಶವು ಮುಂದೆ ಹಬ್ಬುವ ಸಂತಾನ, ಇವೆಲ್ಲವೂ ಈ ಒಂದೇ ಧಾತುವಿನ ಮಕ್ಕಳು. ಲ್ಯಾಟಿನ್ನಿನ ತೆನುಯಿಸ್, ಇಂಗ್ಲಿಷಿನ ಥಿನ್ ಎಂಬ ತೆಳುವಾಚಕಗಳೂ ಪಾರಸಿಯಲ್ಲಿ ದೇಹವನ್ನು ಹೇಳುವ ತನ್ ಎಂಬ ಮಾತೂ ಇದರ ದೂರದ ದಾಯಾದಿಗಳೇ. ಹಿಗ್ಗಿದುದು ತೆಳುವಾಗುತ್ತದೆ. ಮಲೆನಾಡಿನ ಮನೆಗಳಲ್ಲಿ ಅಕ್ಕಿರೊಟ್ಟಿಯನ್ನು ತಟ್ಟುವಾಗ ಹಿಟ್ಟಿನ ಉಂಡೆ ಅಗಲವಾದಷ್ಟೂ ತೆಳುವಾಗುತ್ತದೆ; ಆದರೆ ಹಿಟ್ಟಿನಲ್ಲಿ ಒಂದು ಕಣವೂ ಕಡಮೆಯಾಗುವುದಿಲ್ಲ. ತನು ಎಂಬ ಮಾತಿನ ತೆಳುತನವು ಮೊದಲಿಗೆ ಇಂಥದು. ಕ್ಷೀಣವೆಂಬುದು ನಷ್ಟದಿಂದ ಬಂದ ಸಣ್ಣತನ. ತನುವೆಂಬುದು ವಿಸ್ತಾರದಿಂದ ಬಂದ ತೆಳುತನ. ಇವೆರಡನ್ನು ಒಂದೇ ಎಂದು ತಿಳಿದುದರಿಂದಲೇ ಮೇಲಿನ ಪ್ರಶ್ನೆ ಹುಟ್ಟಿತು.

ಶಿಕಾರಿಪುರ ಸೀಮೆಯ ಬಳ್ಳಿಗಾವೆಯವನೆಂದು ಹರಿಹರನು ಹೇಳುವ ಅಲ್ಲಮನು ಮದ್ದಳೆಗಾರ. ಮದ್ದಳೆಯ ಚರ್ಮವನ್ನು ಎಳೆದು ಬಿಗಿಯದೆ ನಾದವಿಲ್ಲ. ಮುದುಡಿದ ಚರ್ಮಕ್ಕೆ ದನಿಯಿಲ್ಲ. ಕಮಲತೆಯು ಜ್ವರದಿಂದ ತೀರಿಕೊಂಡ ಮೇಲೆ ಆತನು ಶೋಕದಿಂದ ಅಲೆದುದೂ ಅದೇ ರಗಳೆಯ ಕಥೆ. ಆ ಶೋಕದಲ್ಲಿ ದೇಹವು ಬಡವಾದುದನ್ನು ಯಾವ ಶರಣರೂ ಸಾಧನೆಯೆಂದು ಎಣಿಸಿಲ್ಲ. ಅನಿಮಿಷಯ್ಯನ ಕೈಯ ಲಿಂಗವು ತನ್ನ ಕೈಗೆ ಬಂದ ಮೇಲಷ್ಟೇ ಆತನು ಪ್ರಭುದೇವನಾದನು.

ಇದಕ್ಕಿಂತಲೂ ಸ್ಪಷ್ಟವಾದ ನಿದರ್ಶನ ಗೋರಕ್ಷನ ಪ್ರಸಂಗದಲ್ಲಿದೆ. ಗೋರಕ್ಷನು ಯೋಗದಿಂದ ದೇಹವನ್ನು ವಜ್ರದಂತೆ ಗಟ್ಟಿಮಾಡಿಕೊಂಡಿದ್ದನು. ಖಡ್ಗದಿಂದ ಹೊಡೆದಾಗ ಅವನ ಮೈ ಖಣಿಲೆಂದಿತು. ಅದೇ ಖಡ್ಗವು ಪ್ರಭುವಿನ ಮೈಯಲ್ಲಿ ಎಲ್ಲಿಯೂ ತಾಗದೆ ಬಯಲಿನಲ್ಲಿ ಬೀಸಿದಂತೆ ಹಾಯ್ದುಹೋಯಿತು. ಗೋರಕ್ಷನದು ದೇಹವನ್ನು ಉಳಿಸಿಕೊಳ್ಳುವ ಹಟ. ಒಣಗಿಸುವವನದು ಅದನ್ನು ಗೆಲ್ಲುವ ಹಟ. ಎರಡರಲ್ಲಿಯೂ ದೃಷ್ಟಿಯು ದೇಹದ ಮೇಲೆಯೇ ನಟ್ಟಿರುತ್ತದೆ. ಪ್ರಭುವಿನ ತನುವಾದರೋ ಹಿಗ್ಗಿ ಹಿಗ್ಗಿ ಬಯಲಿನಷ್ಟು ತೆಳುವಾದುದು. ಅದು ಎಲುಬು ತೋರುವ ತೆಳುತನವಲ್ಲ. ಅಲ್ಲಿ ನಾನೆಂಬುದಕ್ಕೆ ಗಡಿಯೇ ಇಲ್ಲ.

ಕಳೆದು ತೆಳುವಾಗಿಸುವ ಕ್ರಮವೊಂದೂ ಉಂಟು, ಅದನ್ನು ಮರೆಮಾಚಬೇಕಾದುದಿಲ್ಲ. ಪಾಣಿನಿಯು ತಕ್ಷ್ ಧಾತುವಿನ ರೂಪವನ್ನು ವಿಧಿಸುವ ಸೂತ್ರವೊಂದರಲ್ಲಿ ತನೂಕರಣವೆಂಬ ಮಾತನ್ನೇ ಬಳಸಿದ್ದಾನೆ. ಮರವನ್ನು ಕೆತ್ತಿ ತೆಳುವಾಗಿಸುವುದು ಎಂದು ಅದರ ಅರ್ಥ. ಬಡಗಿಗೆ ತಕ್ಷಕನೆಂಬ ಹೆಸರು ಬಂದುದು ಈ ಧಾತುವಿನಿಂದ. ಸೊರಬ ಸಾಗರಗಳ ಗುಡಿಗಾರರ ಕೆಲಸವನ್ನು ಕಂಡವರಿಗೆ ಇದರ ವಿವರಣೆ ಬೇಡ. ಗಂಧದ ತುಂಡಿನಿಂದ ಚಕ್ಕೆಗಳು ಹಾರುತ್ತವೆ; ಆದರೆ ಉಳಿಯು ಹಾರಿಸುವುದು ಮೂರ್ತಿಯಲ್ಲದ ಮರವನ್ನು ಮಾತ್ರ. ಮೂರ್ತಿಯ ಮೂಗನ್ನೇ ಹಾರಿಸಿದವನನ್ನು ಯಾರೂ ಕುಶಲನೆನ್ನುವುದಿಲ್ಲ. ಪತಂಜಲಿಯೂ ಯೋಗಸೂತ್ರದ ಎರಡನೆಯ ಪಾದದಲ್ಲಿ ತನೂಕರಣವನ್ನು ಹೇಳಿದ್ದಾನೆ. ಅಲ್ಲಿ ತೆಳುವಾಗಬೇಕಾದುವು ಅವಿದ್ಯೆ, ಅಸ್ಮಿತೆ, ರಾಗ, ದ್ವೇಷ, ಅಭಿನಿವೇಶಗಳೆಂಬ ಕ್ಲೇಶಗಳು, ಮೈಯ ಮಾಂಸವಲ್ಲ. ಉಡುತಡಿಯ ಮಹಾದೇವಿಯಕ್ಕನು ಚಂದನದ ದೃಷ್ಟಾಂತವನ್ನು ತನ್ನ ವಚನದಲ್ಲಿ ತಂದಾಗ ಆಕೆಯ ಕಣ್ಣು ಸವೆದ ಕೊರಡಿನ ಮೇಲಿಲ್ಲ, ಬಿಡದೆ ಉಳಿದ ಕಂಪಿನ ಮೇಲಿದೆ.

ದೇಹಕ್ಕಿರುವ ಉಳಿದ ಹೆಸರುಗಳನ್ನೂ ಇಲ್ಲಿ ಹೋಲಿಸಬಹುದು. ಶೀರ್ಣವಾಗುವುದು ಶರೀರ, ಬೆಳೆಯುವುದು ದೇಹ, ಕೂಡಿಬಂದುದು ಕಾಯ ಎಂದು ಬಲ್ಲವರು ನಿರ್ವಚಿಸುತ್ತಾರೆ. ಶರಣರು ದುಡಿಮೆಗೆ ಕಾಯಕವೆಂಬ ಹೆಸರನ್ನಿಟ್ಟುದು ಕಾಯದಿಂದ, ಶೀರ್ಣವಾಗುವ ಶರೀರದಿಂದಲ್ಲ. ಕಾಯವನ್ನು ಕೆಡಿಸಿಕೊಂಡವನಿಗೆ ಕಾಯಕವೆಲ್ಲಿಯದು, ಕಾಯಕವಿಲ್ಲದವನಿಗೆ ದಾಸೋಹವೆಲ್ಲಿಯದು?

ರೋಗದಿಂದ ಬಂದ ಬಲಹೀನತೆಯ ಮಾತು ಬೇರೆ. ಸೊರಬ ತಾಲ್ಲೂಕಿನ ಕ್ಯಾಸನೂರಿನ ಕಾಡಿನಲ್ಲಿ 1957ರಲ್ಲಿ ಮಂಗಗಳು ಸತ್ತುಬಿದ್ದು, ಉಣುಗುಗಳ ಮೂಲಕ ಮನುಷ್ಯರಿಗೂ ಹಬ್ಬಿದ ಜ್ವರವು ಇಂದಿಗೂ ಆ ಊರಿನ ಹೆಸರನ್ನೇ ಹೊತ್ತಿದೆ. ಮಂಗನ ಕಾಯಿಲೆಯೆಂದು ಜನ ಅದನ್ನು ಕರೆಯುತ್ತಾರೆ. ಜ್ವರ ಬಿಟ್ಟರೂ ನಿಶ್ಶಕ್ತಿಯು ವಾರಗಟ್ಟಲೆ ಬಿಡದು. ಹಾಗೆ ಹಾಸಿಗೆ ಹಿಡಿದವನು, ತನ್ನಿಂದ ವ್ರತನಿಯಮಗಳು ನಡೆಯಲಿಲ್ಲ, ತನುವನ್ನು ಗುರುವಿಗೆ ಸಲ್ಲಿಸಲಾಗಲಿಲ್ಲ ಎಂದು ಕೊರಗಬೇಕಾದುದಿಲ್ಲ. ಮನೆಯವರು ಕಾಸಿಕೊಟ್ಟ ತಿಳಿಗಂಜಿಯನ್ನು ಆತನು ಕರಸ್ಥಲದ ಲಿಂಗಕ್ಕೆ ತೋರಿ ಕುಡಿದರೆ ಅದು ಪ್ರಸಾದವೇ. ಅದನ್ನುಂಡು ಮೆಲ್ಲಮೆಲ್ಲನೆ ಎದ್ದು ಕುಳಿತು, ಮತ್ತೆ ಗದ್ದೆಯ ಬದುವಿನ ಮೇಲೆ ನಡೆಯಲು ತೊಡಗುವ ಆ ಮೈಯೇ ಗುರುವಿಗೆ ಒಪ್ಪಿಸಿದ ತನು.