ಮಕ್ಕಳ ಸೌಂದರ್ಯ ಸ್ಪರ್ಧೆ: ಪಾಲಕರ ಒಪ್ಪಿಗೆಯೊಂದೇ ಸಾಲದು

ಮಕ್ಕಳ ಸೌಂದರ್ಯ ಸ್ಪರ್ಧೆಗೆಂದೇ ಭಾರತದಲ್ಲಿ ಪ್ರತ್ಯೇಕ ಕಾಯ್ದೆ ಇಲ್ಲ. ಫ್ರಾನ್ಸ್ 2014ರಲ್ಲಿ 13 ವರ್ಷದೊಳಗಿನವರ ಇಂಥ ಸ್ಪರ್ಧೆಗಳನ್ನು ನಿಷೇಧಿಸಿತು. ಇಲ್ಲಿ ಆ ಬಗೆಯ ನಿಷೇಧವಿಲ್ಲ. ಹಾಗೆಂದು ಮಗುವನ್ನು ವೇದಿಕೆ ಹತ್ತಿಸುವುದು ಸಂಪೂರ್ಣ ಪಾಲಕರ ಮರ್ಜಿಗೆ ಬಿಟ್ಟ ವಿಷಯವೂ ಅಲ್ಲ. ಬಾಲಕಾರ್ಮಿಕ, ಬಾಲನ್ಯಾಯ ಮತ್ತು ಪೋಕ್ಸೊ ಕಾಯ್ದೆಗಳು ಆಯೋಜಕರಿಗೂ ಪಾಲಕರಿಗೂ ಮಿತಿ ಹಾಕಿವೆ.

ಯಾವ ಸ್ಪರ್ಧೆಗೆ ಯಾವ ನಿಯಮ

ಧಾರವಾಡ ಜಿಲ್ಲೆಯ ನವಲಗುಂದ, ಕುಂದಗೋಳ, ಕಲಘಟಗಿ, ಅಣ್ಣಿಗೇರಿ ತಾಲ್ಲೂಕುಗಳ ಹಳ್ಳಿಗಳಲ್ಲಿ ಮಕ್ಕಳು ವೇಷ ತೊಟ್ಟು ವೇದಿಕೆಗೆ ಬರುವುದು ಹೆಚ್ಚಾಗಿ ಗೋಕುಲಾಷ್ಟಮಿಯ ರಾಧಾ–ಕೃಷ್ಣ ವೇಷ, ಶಾಲೆಯ ಗ್ಯಾದರಿಂಗ್, ಪ್ರತಿಭಾ ಕಾರಂಜಿಯ ಛದ್ಮವೇಷ, ಗಣೇಶೋತ್ಸವದ ಕಾರ್ಯಕ್ರಮಗಳಲ್ಲಿ. ಲಾಭದ ಉದ್ದೇಶವಿಲ್ಲದ ಇಂಥವಕ್ಕೆ ಅನುಮತಿಯ ಕಟ್ಟಳೆ ಇಲ್ಲ. ಪ್ರವೇಶ ಶುಲ್ಕ, ಟಿಕೆಟ್, ಪ್ರಾಯೋಜಕರು ಇರುವ ವಾಣಿಜ್ಯ ಕಾರ್ಯಕ್ರಮ, ಜಾಹೀರಾತು, ಧಾರಾವಾಹಿ, ಟಿವಿ ರಿಯಾಲಿಟಿ ಷೋಗಳ ಮಾತು ಬೇರೆ.

1986ರ ಬಾಲಕಾರ್ಮಿಕ ಕಾಯ್ದೆಗೆ 2016ರಲ್ಲಿ ಆದ ತಿದ್ದುಪಡಿಯಂತೆ 14 ವರ್ಷದೊಳಗಿನವರನ್ನು ದುಡಿಮೆಗೆ ಹಚ್ಚುವಂತಿಲ್ಲ. ಮನರಂಜನಾ ಕ್ಷೇತ್ರದ ಕಲಾವಿದರಾಗಿ ಭಾಗವಹಿಸಲು ವಿನಾಯಿತಿ ಇದೆ. ಆದರೆ ಮಗುವಿನ ಶಾಲಾ ಕಲಿಕೆಗೆ ಅಡ್ಡಿಯಾಗಬಾರದು. 2017ರ ನಿಯಮಗಳ ಷರತ್ತುಗಳನ್ನೂ ಪಾಲಿಸಬೇಕು.

ಆಯೋಜಕರ ಹೊಣೆ

ಕಾರ್ಯಕ್ರಮ ನಡೆಯುವ ಜಿಲ್ಲೆಯ ಜಿಲ್ಲಾಧಿಕಾರಿಯಿಂದ ಮುಂಚಿತವಾಗಿ ಅನುಮತಿ ಪಡೆಯಬೇಕು. ಕುಂದಗೋಳದ ಮಗು ಹುಬ್ಬಳ್ಳಿಯಲ್ಲಿ ಭಾಗವಹಿಸಿದರೆ ಧಾರವಾಡ ಜಿಲ್ಲಾಧಿಕಾರಿಯ ಅನುಮತಿ ಬೇಕು. ಚಿತ್ರೀಕರಣ ಬೆಂಗಳೂರಿನಲ್ಲಾದರೆ ಅಲ್ಲಿನ ಜಿಲ್ಲಾಧಿಕಾರಿಯದು. ಅರ್ಜಿಯೊಂದಿಗೆ ‘ನಮೂನೆ ಸಿ’ಯಲ್ಲಿ ಮುಚ್ಚಳಿಕೆ, ಮಕ್ಕಳ ಪಟ್ಟಿ, ಪಾಲಕರ ಒಪ್ಪಿಗೆ, ಮಕ್ಕಳ ಸುರಕ್ಷತೆಗೆ ಹೊಣೆಯಾದವರ ಹೆಸರು ಕೊಡಬೇಕು. ಮುಚ್ಚಳಿಕೆ ಆರು ತಿಂಗಳಷ್ಟೇ ಊರ್ಜಿತ.

ಉಳಿದ ಷರತ್ತುಗಳು:

• ದಿನಕ್ಕೆ 5 ಗಂಟೆ ಮೀರಬಾರದು. ವಿಶ್ರಾಂತಿಯಿಲ್ಲದೆ 3 ಗಂಟೆ ದಾಟಬಾರದು.
• ಸತತ 27 ದಿನಕ್ಕಿಂತ ಹೆಚ್ಚು ತೊಡಗಿಸಬಾರದು.
• ಐದು ಮಕ್ಕಳಿಗೆ ಒಬ್ಬರಂತೆ ನೋಡಿಕೊಳ್ಳುವವರು ಇರಬೇಕು.
• ಮಗುವಿನ ಗಳಿಕೆಯಲ್ಲಿ ಕನಿಷ್ಠ ಶೇ 20ರಷ್ಟನ್ನು ರಾಷ್ಟ್ರೀಕೃತ ಬ್ಯಾಂಕಿನಲ್ಲಿ ಮಗುವಿನ ಹೆಸರಿಗೇ ನಿಶ್ಚಿತ ಠೇವಣಿ ಇಡಬೇಕು. ಆ ಹಣ ಮಗು ಪ್ರಾಯಕ್ಕೆ ಬಂದ ಮೇಲೆ ಅದರ ಕೈಸೇರಬೇಕು.
• ಮಗುವಿನ ಇಚ್ಛೆಗೆ ವಿರುದ್ಧವಾಗಿ, ಅದರ ಸಮ್ಮತಿಯಿಲ್ಲದೆ ಭಾಗವಹಿಸುವಂತೆ ಮಾಡಕೂಡದು. ಅನೌಪಚಾರಿಕ ಮನರಂಜನೆಗೂ ಇದು ಅನ್ವಯ.

ಪಾಲಕರ ಒತ್ತಡಕ್ಕೆ ನೇರವಾಗಿ ಸಂಬಂಧಿಸಿದ್ದು ಈ ಕೊನೆಯ ಷರತ್ತು. ಅಪ್ಪ–ಅವ್ವ ಸಹಿ ಹಾಕಿದರೂ ಮಗು ‘ಒಲ್ಲೆ’ ಎಂದರೆ ಆ ಸಹಿಯೊಂದರಿಂದ ನಿಯಮ ಪಾಲಿಸಿದಂತಾಗದು. ಭಾರತ 1992ರಲ್ಲಿ ಒಪ್ಪಿಕೊಂಡ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯೂ ತನಗೆ ಸಂಬಂಧಿಸಿದ ವಿಷಯದಲ್ಲಿ ಮಾತಾಡುವ ಹಕ್ಕನ್ನು (ವಿಧಿ 12), ವಿಶ್ರಾಂತಿ ಮತ್ತು ಆಟದ ಹಕ್ಕನ್ನು (ವಿಧಿ 31) ಮಗುವಿಗೆ ಕೊಟ್ಟಿದೆ.

ಒತ್ತಡ ಅಪರಾಧವಾಗುವುದು ಯಾವಾಗ

ಹುರಿದುಂಬಿಸುವುದು, ಅಭ್ಯಾಸ ಮಾಡಿಸುವುದು ಅಪರಾಧವಲ್ಲ. ತೆಳ್ಳಗಾಗಲೆಂದು ಉಪವಾಸ ಕೆಡವುವುದು, ನಿದ್ದೆಗೆಡಿಸಿ ತಾಲೀಮು ಮಾಡಿಸುವುದು, ಸೋತದ್ದಕ್ಕೆ ಹೊಡೆಯುವುದು ಬಾಲನ್ಯಾಯ ಕಾಯ್ದೆ 2015ರ ಕಲಂ 75ರ ವ್ಯಾಪ್ತಿಗೆ ಬರಬಹುದು. ಮಗುವನ್ನು ತಮ್ಮ ಸುಪರ್ದಿಯಲ್ಲಿ ಇಟ್ಟುಕೊಂಡವರು ಅದಕ್ಕೆ ಅನಗತ್ಯ ದೈಹಿಕ ಅಥವಾ ಮಾನಸಿಕ ಯಾತನೆ ಆಗುವಂತೆ ಹಲ್ಲೆ, ದುರ್ವರ್ತನೆ, ನಿರ್ಲಕ್ಷ್ಯ ಮಾಡಿದರೆ 3 ವರ್ಷದವರೆಗೆ ಜೈಲು ಅಥವಾ 1 ಲಕ್ಷ ರೂಪಾಯಿ ದಂಡ ಅಥವಾ ಎರಡೂ ಆಗಬಹುದು.

ಯಾತನೆ ಮೈಮೇಲೇ ಕಾಣಬೇಕೆಂದಿಲ್ಲ. 2008ರಲ್ಲಿ ಕೋಲ್ಕತ್ತದ ಹದಿಹರೆಯದ ಬಾಲಕಿಯೊಬ್ಬಳು ಟಿವಿ ನೃತ್ಯ ಸ್ಪರ್ಧೆಯಲ್ಲಿ ತೀರ್ಪುಗಾರರ ಟೀಕೆ ಕೇಳಿದ ಬಳಿಕ ಮಾತು ಕಳೆದುಕೊಂಡಳೆಂದು ವರದಿಯಾಗಿತ್ತು. ಆಕೆಯನ್ನು ಚಿಕಿತ್ಸೆಗೆ ಬೆಂಗಳೂರಿನ ನಿಮ್ಹಾನ್ಸ್‌ಗೆ ಕರೆತರಲಾಗಿತ್ತು.

ಬಾಲಕಾರ್ಮಿಕ ಕಾಯ್ದೆ ಉಲ್ಲಂಘಿಸಿ ದುಡಿಸಿಕೊಂಡವರಿಗೆ 6 ತಿಂಗಳಿಂದ 2 ವರ್ಷ ಜೈಲು, ಇಲ್ಲವೇ 20 ಸಾವಿರದಿಂದ 50 ಸಾವಿರ ರೂಪಾಯಿ ದಂಡ, ಅಥವಾ ಎರಡೂ. ಪಾಲಕರಿಗೆ ಮೊದಲ ತಪ್ಪಿಗೆ ಶಿಕ್ಷೆಯಿಲ್ಲ. ಮರುಕಳಿಸಿದರೆ 10 ಸಾವಿರದವರೆಗೆ ದಂಡ.

ಉಡುಪು, ಕುಣಿತ, ಮೇಕಪ್ ಕೋಣೆ

ಮಕ್ಕಳನ್ನು ವಯಸ್ಸಿಗೆ ಸಲ್ಲದ ಪ್ರಚೋದಕ ಭಂಗಿಯಲ್ಲಿ ತೋರಿಸದಂತೆ ಕೇಂದ್ರ ವಾರ್ತಾ ಮತ್ತು ಪ್ರಸಾರ ಸಚಿವಾಲಯ 2019ರ ಜೂನ್‌ನಲ್ಲಿ ಟಿವಿ ವಾಹಿನಿಗಳಿಗೆ ಸೂಚಿಸಿತ್ತು. ಲೈಂಗಿಕ ತೃಪ್ತಿಗಾಗಿ ಮಕ್ಕಳನ್ನು ಯಾವುದೇ ಮಾಧ್ಯಮದಲ್ಲಿ ಅಶ್ಲೀಲವಾಗಿ ಬಿಂಬಿಸುವುದು ಪೋಕ್ಸೊ ಅಪರಾಧ. ಬಟ್ಟೆ ಬದಲಿಸುವಾಗ ಅಥವಾ ಮೇಕಪ್ ವೇಳೆ ಲೈಂಗಿಕ ದೌರ್ಜನ್ಯ ನಡೆದದ್ದು ತಿಳಿದವರು ಪೊಲೀಸರಿಗೆ ಹೇಳಲೇಬೇಕು, ಮುಚ್ಚಿಡುವುದೂ ಅಪರಾಧವೇ.

ದೂರು ಎಲ್ಲಿ, ಹೇಗೆ

ತುರ್ತು ಇದ್ದರೆ ಮಕ್ಕಳ ಸಹಾಯವಾಣಿ 1098 ಅಥವಾ 112ಕ್ಕೆ ಕರೆ ಮಾಡಬೇಕು. ಮಗುವೇ ಕರೆ ಮಾಡಬಹುದು. ನೆರೆಯವರು, ಶಿಕ್ಷಕರು, ಅಂಗನವಾಡಿ ಕಾರ್ಯಕರ್ತೆಯೂ ಮಾಡಬಹುದು. ಲಿಖಿತ ದೂರನ್ನು ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಇಲ್ಲವೇ ಮಕ್ಕಳ ಕಲ್ಯಾಣ ಸಮಿತಿಗೆ ಕೊಡಬಹುದು. ಅಧ್ಯಕ್ಷರೂ ನಾಲ್ವರು ಸದಸ್ಯರೂ ಇರುವ ಈ ಸಮಿತಿ ವಿಚಾರಣೆ ನಡೆಸಿ, ಆಪ್ತಸಮಾಲೋಚನೆಗೆ ಹಾಗೂ ಮಗುವಿನ ರಕ್ಷಣೆಗೆ ಆದೇಶಿಸಬಲ್ಲದು. ಅನುಮತಿಯಿಲ್ಲದ ವಾಣಿಜ್ಯ ಕಾರ್ಯಕ್ರಮದ ಬಗ್ಗೆ ಜಿಲ್ಲಾಧಿಕಾರಿಗೆ ಅಥವಾ ಕಾರ್ಮಿಕ ಇಲಾಖೆಗೆ ದೂರು ಕೊಡಬೇಕು. ಅನುಮತಿ ಇತ್ತೇ ಎಂಬುದನ್ನು ಮಾಹಿತಿ ಹಕ್ಕಿನಡಿ 10 ರೂಪಾಯಿ ಶುಲ್ಕ ಕಟ್ಟಿ ಕೇಳಬಹುದು. ಉತ್ತರಕ್ಕೆ 30 ದಿನದ ಗಡುವು.

ದೂರಿನಲ್ಲಿ ಕಾರ್ಯಕ್ರಮದ ಸ್ಥಳ, ದಿನ, ಆಯೋಜಕರು, ಮಗುವಿನ ವಯಸ್ಸು, ನಡೆದ ಸಂಗತಿ ಇರಬೇಕು. ಕರಪತ್ರ, ಶುಲ್ಕದ ರಸೀದಿ, ವಾಟ್ಸ್‌ಆ್ಯಪ್ ಸಂದೇಶಗಳ ಪ್ರತಿ ಲಗತ್ತಿಸಬೇಕು. ತೊಂದರೆಗೊಳಗಾದ ಮಗುವಿನ ಹೆಸರು, ಫೋಟೊ ಜಾಲತಾಣದಲ್ಲಿ ಹಾಕಬಾರದು. ಗುರುತು ಬಹಿರಂಗಪಡಿಸುವುದು ಶಿಕ್ಷಾರ್ಹ.

ಅವಕಾಶ ಕೊಡಿಸುವುದಾಗಿ ನೋಂದಣಿ ಶುಲ್ಕ, ಫೋಟೊಶೂಟ್ ಹಣ ಪಡೆದು ಕೈಕೊಟ್ಟವರ ವಿರುದ್ಧ ಪೊಲೀಸರಿಗೆ ವಂಚನೆಯ ದೂರು ಕೊಡಬಹುದು. ಎರಡು ವರ್ಷದೊಳಗೆ ಜಿಲ್ಲಾ ಗ್ರಾಹಕ ಆಯೋಗಕ್ಕೂ ಹೋಗಬಹುದು; ಗ್ರಾಹಕ ಸಹಾಯವಾಣಿ 1915.

ಮಕ್ಕಳಿಗೂ ಮಹಿಳೆಯರಿಗೂ ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವು ಸಿಗುತ್ತದೆ. ಇದಕ್ಕೆ ತಾಲ್ಲೂಕು ಕಾನೂನು ಸೇವಾ ಸಮಿತಿಯನ್ನೋ ಧಾರವಾಡದ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವನ್ನೋ ಸಂಪರ್ಕಿಸಬೇಕು; ಸಹಾಯವಾಣಿ 15100. ದೂರಿನ ಹಂತಕ್ಕೆ ಹೋಗದ ಸಂಗತಿಗಳನ್ನು ಗ್ರಾಮ ಪಂಚಾಯಿತಿಯ ಮಕ್ಕಳ ಗ್ರಾಮಸಭೆಯಲ್ಲಿ ಮಕ್ಕಳೇ ಪ್ರಸ್ತಾಪಿಸಬಹುದು.