ಜಪಾನಿ ಭಾಷಾ ಪರೀಕ್ಷೆಗೆ ಅಧ್ಯಯನ ಗ್ರಂಥಗಳ ಆಯ್ಕೆ

ಕನ್ನಡ ನಾಡಿಗೂ ಜಪಾನಿಗೂ ಇರುವ ಸಂಬಂಧ ಇಂದು ನಿನ್ನೆಯದಲ್ಲ. ಸರ್ ಎಂ. ವಿಶ್ವೇಶ್ವರಯ್ಯನವರು 1898ರಲ್ಲಿಯೇ ಆ ದೇಶಕ್ಕೆ ಹೋಗಿ, ಅಲ್ಲಿಯ ವಿದ್ಯೆ ಹಾಗೂ ಕೈಗಾರಿಕೆಗಳನ್ನು ಕಣ್ಣಾರೆ ಕಂಡು ಬಂದರು. 1997ರಲ್ಲಿ ಬಿಡದಿಯ ಟೊಯೋಟಾ ಕಿರ್ಲೋಸ್ಕರ್ ಸಂಸ್ಥೆ ಸ್ಥಾಪನೆಗೊಂಡಿತು. 2021ರ ಜನವರಿಯಲ್ಲಿ ಭಾರತ ಮತ್ತು ಜಪಾನ್ ಸರಕಾರಗಳು ನಿರ್ದಿಷ್ಟ ಕುಶಲಕರ್ಮಿಗಳ ಬಗೆಗೆ ಒಡಂಬಡಿಕೆ ಮಾಡಿಕೊಂಡವು. ಇದರಿಂದ ಶುಶ್ರೂಷೆ, ಯಂತ್ರಕೆಲಸ, ಕೃಷಿ ಮೊದಲಾದ ವೃತ್ತಿಗಳನ್ನು ಕಲಿತ ಗ್ರಾಮಾಂತರದ ತರುಣರಿಗೂ ಒಂದು ಬಾಗಿಲು ತೆರೆಯಿತು. ಆ ಬಾಗಿಲಿನ ಕೀಲಿಕೈ ಭಾಷೆ.

ಹುಲಗೂರು, ಸವಣೂರು, ಹಾನಗಲ್ಲ, ಹಿರೇಕೆರೂರು ಕಡೆಯ ವಿದ್ಯಾರ್ಥಿಯು ಈ ಪರೀಕ್ಷೆಗೆ ಕುಳಿತುಕೊಳ್ಳಲು ಬೆಂಗಳೂರು ಅಥವಾ ಪುಣೆಯಂತಹ ದೂರದ ನಗರಕ್ಕೆ ಹೋಗಬೇಕು. ಪರೀಕ್ಷಾ ಶುಲ್ಕ, ಪ್ರಯಾಣ, ವಸತಿ ಇವೆಲ್ಲ ಮನೆಯವರ ಬೆವರಿನ ಹಣ. ಅದರ ಮೇಲೆ ತಕ್ಕುದಲ್ಲದ ಪುಸ್ತಕಗಳನ್ನು ಕೊಂಡು ಒಂದು ವರ್ಷವನ್ನೇ ಕಳೆದುಕೊಂಡರೆ ಆಗುವ ನಷ್ಟ ಸಣ್ಣದಲ್ಲ. ಆದುದರಿಂದ ಗ್ರಂಥಗಳ ಆಯ್ಕೆಯು ಕಲಿಕೆಯ ಮೊದಲನೆಯ ಪಾಠವೆಂದೇ ಭಾವಿಸಬೇಕು.

ಪರೀಕ್ಷೆಯ ಸ್ವರೂಪ

ಜಪಾನಿ ಭಾಷಾ ಸಾಮರ್ಥ್ಯ ಪರೀಕ್ಷೆಯು 1984ರಲ್ಲಿ ಪ್ರಾರಂಭವಾಯಿತು. ಮೊದಲು ಅದರಲ್ಲಿ ನಾಲ್ಕು ಹಂತಗಳಿದ್ದವು. ಮೂರನೆಯ ಹಂತಕ್ಕೂ ಎರಡನೆಯ ಹಂತಕ್ಕೂ ಅಂತರ ಬಹಳವಾಗಿದ್ದುದರಿಂದ, 2010ರಲ್ಲಿ ನಡುವೆ ಒಂದನ್ನು ಸೇರಿಸಿ ಎನ್5ರಿಂದ ಎನ್1ರವರೆಗೆ ಐದು ಹಂತಗಳನ್ನು ಮಾಡಲಾಯಿತು. ಎನ್5 ಅತ್ಯಂತ ಸುಲಭ, ಎನ್1 ಅತ್ಯಂತ ಕಠಿಣ. ಒಟ್ಟು ಅಂಕಗಳು 180. ಎನ್5ರಲ್ಲಿ ತೇರ್ಗಡೆಯಾಗಲು 80 ಅಂಕಗಳು ಬೇಕು. ಆದರೆ ಅಷ್ಟೇ ಸಾಲದು. ಶಬ್ದ, ವ್ಯಾಕರಣ ಮತ್ತು ಓದಿನ ವಿಭಾಗದಲ್ಲಿ 120ಕ್ಕೆ ಕನಿಷ್ಠ 38, ಆಲಿಸುವ ವಿಭಾಗದಲ್ಲಿ 60ಕ್ಕೆ ಕನಿಷ್ಠ 19 ಬರಲೇಬೇಕು.

ಇದರಿಂದ ಪುಸ್ತಕದ ಆಯ್ಕೆಗೆ ಎರಡು ನಿಯಮಗಳು ತಾವಾಗಿಯೇ ಹೊರಡುತ್ತವೆ. ಧ್ವನಿಮುದ್ರಣವಿಲ್ಲದ ಪುಸ್ತಕವು, ಎಷ್ಟೇ ಅಗ್ಗವಾಗಿದ್ದರೂ, ಅಪೂರ್ಣ; ಅಂಕಗಳ ಮೂರನೆಯ ಒಂದು ಪಾಲು ಕಿವಿಗೆ ಸೇರಿದ್ದು. ಇನ್ನು, 2010ಕ್ಕಿಂತ ಹಿಂದೆ ಅಚ್ಚಾದ ಪರೀಕ್ಷಾ ಕೈಪಿಡಿಯು ಹಳೆಯ ನಾಲ್ಕು ಹಂತಗಳದ್ದು. ಅದನ್ನು ಅಭ್ಯಾಸಕ್ಕೆ ಬಳಸಬಹುದೇ ಹೊರತು ಅದೊಂದನ್ನೇ ನಂಬಿ ಕೂಡ್ರಬಾರದು.

ಮತ್ತೊಂದು ಸಂಗತಿಯನ್ನೂ ಮನದಟ್ಟು ಮಾಡಿಕೊಳ್ಳಬೇಕು. ಹಳೆಯ ಪದ್ಧತಿಯಲ್ಲಿ ನಾಲ್ಕನೆಯ ಹಂತಕ್ಕೆ ಸುಮಾರು 100 ಚಿತ್ರಾಕ್ಷರಗಳು ಹಾಗೂ 800 ಶಬ್ದಗಳು, ಮೂರನೆಯದಕ್ಕೆ 300 ಚಿತ್ರಾಕ್ಷರಗಳು ಹಾಗೂ 1500 ಶಬ್ದಗಳು ಎಂಬ ಅಳತೆಯಿತ್ತು. ಹೊಸ ಪರೀಕ್ಷೆಗೆ ಅಂತಹ ಅಧಿಕೃತ ಪಟ್ಟಿಯನ್ನು ಪ್ರಕಟಿಸುವುದಿಲ್ಲ. ‘ಸಂಪೂರ್ಣ ಪದಪಟ್ಟಿ’ ಎಂದು ಮುಖಪುಟದ ಮೇಲೆ ಅಚ್ಚಾಗಿದ್ದರೆ ಅದು ಪ್ರಕಾಶಕರ ಅಂದಾಜು ಎಂದು ತಿಳಿಯಬೇಕು.

ಮೂರು ಬಗೆಯ ಗ್ರಂಥಗಳು

ಮೊದಲನೆಯದು ಮೂಲ ಪಠ್ಯ. ಇವುಗಳಲ್ಲಿ ‘ಮಿನ್ನಾ ನೊ ನಿಹೊಂಗೊ’ ಮತ್ತು ‘ಗೆಂಕಿ’ ಎರಡೂ ಪ್ರಸಿದ್ಧವಾದವು. ‘ಮಿನ್ನಾ’ದ ಆರಂಭಿಕ ಎರಡು ಸಂಪುಟಗಳಲ್ಲಿ ಒಟ್ಟು 50 ಪಾಠಗಳಿವೆ. ಮೊದಲ 25 ಸ್ಥೂಲವಾಗಿ ಎನ್5ಕ್ಕೂ, ಮುಂದಿನವು ಎನ್4ಕ್ಕೂ ಹೊಂದುತ್ತವೆ. ಅದರ ಮುಖ್ಯ ಪುಸ್ತಕವು ಪೂರ್ತಿ ಜಪಾನಿಯಲ್ಲಿಯೇ ಇದ್ದು, ಅನುವಾದ ಹಾಗೂ ವ್ಯಾಕರಣ ಟಿಪ್ಪಣಿಗಳ ಪುಸ್ತಕ ಬೇರೆ ಇರುತ್ತದೆ. ಎರಡನ್ನೂ ಕೊಳ್ಳದಿದ್ದರೆ ಒಂದೇ ಎತ್ತು ಕಟ್ಟಿ ಗಳೆ ಹೂಡಿದಂತಾದೀತು. ಗುರುಗಳಿದ್ದು ತರಗತಿ ನಡೆಯುವಲ್ಲಿ ಇದು ಶ್ರೇಷ್ಠ. ‘ಗೆಂಕಿ’ಯ ಎರಡು ಸಂಪುಟಗಳಲ್ಲಿ 23 ಪಾಠಗಳಿದ್ದು, ಇಂಗ್ಲಿಷಿನ ವಿವರಣೆ ಅದೇ ಪುಸ್ತಕದಲ್ಲಿದೆ. ಇಂಗ್ಲಿಷ್ ಬಲ್ಲವನು ಒಬ್ಬನೇ ಕುಳಿತು ಓದಲು ಇದು ಅನುಕೂಲ. ಉದ್ಯೋಗಕ್ಕಾಗಿಯೇ ಕಲಿಯುವವರು ಜಪಾನ್ ಫೌಂಡೇಶನ್ನಿನ ‘ಇರೊದೊರಿ’ಯನ್ನು ನೋಡಬೇಕು. ಅದು ಅಂತರ್ಜಾಲದಲ್ಲಿ ಧ್ವನಿಸಹಿತ ಉಚಿತವಾಗಿ ದೊರೆಯುತ್ತದೆ.

ಎರಡನೆಯದು ಪರೀಕ್ಷಾಭ್ಯಾಸದ ಕೈಪಿಡಿಗಳು. ‘ಸೋಮಾತೊಮೆ’ ಮಾಲೆಯು ವಾರ ದಿನಗಳ ಲೆಕ್ಕದಲ್ಲಿ ಪಾಠಗಳನ್ನು ಹಂಚಿಕೊಡುತ್ತದೆ, ಪುನರಾವರ್ತನೆಗೆ ಒಳ್ಳೆಯದು. ‘ಶಿನ್ ಕಂಜೆನ್ ಮಾಸ್ಟರ್’ ಮಾಲೆಯಲ್ಲಿ ಮೇಲಿನ ಹಂತಗಳಿಗೆ ಚಿತ್ರಾಕ್ಷರ, ಶಬ್ದ, ವ್ಯಾಕರಣ, ಓದು, ಆಲಿಸುವಿಕೆ ಎಂದು ಬೇರೆ ಬೇರೆ ಪುಸ್ತಕಗಳಿವೆ. ಆಳವಾದ ಅಭ್ಯಾಸ ಬೇಕಾದವರಿಗೆ ತಕ್ಕುದು. ಐದನ್ನೂ ಒಮ್ಮೆಲೆ ಕೊಳ್ಳದೆ, ಯಾವ ವಿಭಾಗದಲ್ಲಿ ವಿದ್ಯಾರ್ಥಿ ಹಿಂದೆ ಬಿದ್ದಿರುವನೋ ಅದೊಂದನ್ನು ಕೊಳ್ಳುವುದು ವಿವೇಕ. ಮೂಲ ಪಠ್ಯವನ್ನು ಮುಗಿಸದೆ ಇವುಗಳಿಗೆ ಕೈಹಚ್ಚುವುದು ಬಿತ್ತುವ ಮೊದಲೇ ರಾಶಿ ಮಾಡಲು ಕಣ ಹದಗೊಳಿಸಿದಂತೆ.

ಮೂರನೆಯದು ಪರೀಕ್ಷಾ ಸಂಸ್ಥೆಗಳೇ 2012 ಮತ್ತು 2018ರಲ್ಲಿ ಹೊರತಂದ ಅಧಿಕೃತ ಮಾದರಿ ಪ್ರಶ್ನೆಗಳ ಸಂಗ್ರಹ. ಇದೂ ಅಂತರ್ಜಾಲದಲ್ಲಿ ಉಚಿತ. ಇದನ್ನು ಕೊನೆಯ ತಿಂಗಳಿಗೆ ಮೀಸಲಾಗಿಟ್ಟು, ಗಡಿಯಾರವನ್ನು ಮುಂದಿಟ್ಟುಕೊಂಡು ಬರೆಯಬೇಕು.

ಕನ್ನಡದ ಬಲ

ಮೇಲೆ ಹೇಳಿದ ಪಠ್ಯಗಳ ವಿವರಣೆಯನ್ನು ನಮ್ಮ ವಿದ್ಯಾರ್ಥಿಗಳು ಸಾಮಾನ್ಯವಾಗಿ ಇಂಗ್ಲಿಷಿನ ಮೂಲಕವೇ ಓದುತ್ತಾರೆ. ಇದರಿಂದ ಕನ್ನಡ ಮಾಧ್ಯಮದಲ್ಲಿ ಕಲಿತವರು ಅಧೈರ್ಯ ತಾಳುವುದುಂಟು. ವಸ್ತುಸ್ಥಿತಿ ಬೇರೆಯೇ ಇದೆ. ಜಪಾನಿ ವರ್ಣಮಾಲೆಯ ಕ್ರಮವೇ ಅ, ಇ, ಉ, ಎ, ಒ. ಆಮೇಲೆ ಕ, ಸ, ತ, ನ ಎಂದು ಸಾಗುತ್ತದೆ. ಬೌದ್ಧ ಭಿಕ್ಷುಗಳ ಮೂಲಕ ಅಲ್ಲಿಗೆ ತಲುಪಿದ ಸಂಸ್ಕೃತ ವರ್ಣವಿಚಾರದ ಪ್ರಭಾವವಿದು. ‘ಒಬಸನ್’ ಎಂದರೆ ಅತ್ತೆ ಅಥವಾ ಚಿಕ್ಕಮ್ಮ, ‘ಒಬಾಸನ್’ ಎಂದರೆ ಅಜ್ಜಿ. ‘ಕಿತೆ’ ಎಂದರೆ ಬಂದು, ‘ಕಿತ್ತೆ’ ಎಂದರೆ ಅಂಚೆಚೀಟಿ. ದೀರ್ಘಕ್ಕೂ ಒತ್ತಕ್ಷರಕ್ಕೂ ಅರ್ಥ ಬದಲಾಗುವ ಈ ನಿಯಮವನ್ನು ಇಂಗ್ಲಿಷ್ ಬಲ್ಲವರಿಗೆ ಪುಟಗಟ್ಟಲೆ ವಿವರಿಸಬೇಕಾಗುತ್ತದೆ. ಕನ್ನಡದ ಮಗುವಿಗೆ ಅದು ಕಾಗುಣಿತದಲ್ಲಿಯೇ ಬಂದಿದೆ.

ವಾಕ್ಯರಚನೆಯೂ ಹೀಗೆಯೇ. ‘ವತಶಿ ವ ಹೊನ್ ಒ ಯೊಮಿಮಸ್’ ಎಂಬುದನ್ನು ಪದಕ್ಕೆ ಪದವಿಟ್ಟು ‘ನಾನು ಪುಸ್ತಕವನ್ನು ಓದುತ್ತೇನೆ’ ಎನ್ನಬಹುದು. ‘ತಬೆತೆ ಮಿರು’ ಎಂಬುದು ‘ತಿಂದು ನೋಡು’ವುದೇ ಆಗಿದೆ, ‘ತಬೆತೆ’ ತಿಂದು, ‘ಮಿರು’ ನೋಡುವುದು. ಇದರಿಂದ ಎರಡೂ ಒಂದೇ ಕುಲದ ಭಾಷೆಗಳೆಂದು ಸಿದ್ಧವಾಗುವುದಿಲ್ಲ. ಆದರೆ ಕಲಿಯುವವನಿಗೆ ದಾರಿ ಹತ್ತಿರವಾಗುತ್ತದೆ. ಆದುದರಿಂದ ವ್ಯಾಕರಣದ ಪ್ರತಿಯೊಂದು ಉದಾಹರಣೆಯ ಬದಿಗೆ ವಿದ್ಯಾರ್ಥಿಯು ಕನ್ನಡದಲ್ಲಿಯೇ ಅರ್ಥವನ್ನು ಬರೆದುಕೊಳ್ಳಬೇಕು.

ಕನ್ನಡವು ನೆರವಾಗದ ಸ್ಥಾನಗಳೂ ಉಂಟು. ‘ವ’ ಮತ್ತು ‘ಗ’ ಎಂಬ ಪ್ರತ್ಯಯಗಳ ಭೇದ, ವಸ್ತುವಿನ ಆಕಾರಕ್ಕೆ ತಕ್ಕಂತೆ ಬದಲಾಗುವ ಎಣಿಕೆಯ ಪದಗಳು, ಎಲ್ಲಕ್ಕೂ ಮಿಗಿಲಾಗಿ ಚಿತ್ರಾಕ್ಷರಗಳು. ಹೆಚ್ಚಿನ ಹಣವನ್ನು ವೆಚ್ಚ ಮಾಡುವುದಾದರೆ ಚಿತ್ರಾಕ್ಷರಗಳ ಅಭ್ಯಾಸ ಪುಸ್ತಕಕ್ಕೆ ಮಾಡಬೇಕು. ರೋಮನ್ ಲಿಪಿಯನ್ನೇ ಕೊನೆಯವರೆಗೂ ನೆಚ್ಚಿಕೊಂಡ ಪುಸ್ತಕಗಳನ್ನು ದೂರವಿಡಬೇಕು. ಹಿರಗಾನ, ಕತಕಾನ ಎಂಬ ಎರಡು ಲಿಪಿಗಳ ತಲಾ 46 ಮೂಲಾಕ್ಷರಗಳನ್ನು ಆರಂಭದಲ್ಲಿಯೇ ಕೈಗೆ ಹತ್ತಿಸಿಕೊಳ್ಳಬೇಕು.

ಶಾಲೆಗಳ ಕರ್ತವ್ಯ

ಎನ್5ಕ್ಕೆ ಸಿದ್ಧನಾಗುವವನಿಗೆ ಬೇಕಾದುದು ಒಂದು ಮೂಲ ಪಠ್ಯ, ಅದರ ಅಭ್ಯಾಸ ಪುಸ್ತಕ, ಚಿತ್ರಾಕ್ಷರಗಳದೊಂದು ಪುಸ್ತಕ ಮತ್ತು ಉಚಿತವಾಗಿ ದೊರೆಯುವ ಅಧಿಕೃತ ಮಾದರಿ ಪ್ರಶ್ನೆಗಳು ಮಾತ್ರ. ಇಷ್ಟನ್ನು ಪ್ರತಿಯೊಬ್ಬ ವಿದ್ಯಾರ್ಥಿಯೂ ಕೊಳ್ಳಬೇಕಾಗಿಲ್ಲ. ಶಾಲೆಯ ಗ್ರಂಥಾಲಯದಲ್ಲಿ ಎರಡು ಜೊತೆಗಳಿದ್ದು, ಧ್ವನಿಪಾಠ ಕೇಳಲು ಒಂದು ಗಣಕಯಂತ್ರವಿದ್ದರೆ ಅನೇಕರ ಕೆಲಸ ನಡೆದೀತು. ದಾನಿಗಳು ಕೊಡುವ ಮೊದಲು ಯಾವ ಮುದ್ರಣ, ಯಾವ ಹಂತ ಎಂಬುದನ್ನು ಅಧ್ಯಾಪಕರಲ್ಲಿ ವಿಚಾರಿಸಿ ಕೊಟ್ಟರೆ ದಾನವು ಸಾರ್ಥಕವಾಗುವುದು. ಈ ಪರೀಕ್ಷೆಯಲ್ಲಿ ಮಾತನಾಡುವ ಭಾಗವೂ, ಸ್ವಂತ ವಾಕ್ಯ ಬರೆಯುವ ಭಾಗವೂ ಇಲ್ಲ. ಕೊಟ್ಟ ಉತ್ತರಗಳಲ್ಲಿ ಒಂದನ್ನು ಆರಿಸುವುದಷ್ಟೇ. ಆದರೆ ಕೆಲಸಕ್ಕೆ ಹೋದಲ್ಲಿ ಬಾಯಿ ತೆರೆದು ಮಾತನಾಡಲೇಬೇಕು. ಜಪಾನಿ ಬಲ್ಲ ಹಳೆಯ ವಿದ್ಯಾರ್ಥಿಗಳು ರಜೆಯಲ್ಲಿ ಊರಿಗೆ ಬಂದಾಗ ಒಂದೆರಡು ತಾಸು ಕಿರಿಯರೊಡನೆ ಆ ಭಾಷೆಯಲ್ಲಿ ಮಾತನಾಡಿದರೆ, ಯಾವ ಪುಸ್ತಕವೂ ಕೊಡಲಾರದ ಅಭ್ಯಾಸ ಅವರಿಗೆ ದೊರೆಯುವುದು.